ಹಲಿ ಬರೆದ ಓಣಿ

ಕಾರವಾರದ ಹಳೆ ಗೋದಾಮು ಓಣಿಗೆ ಎರಡೇ ತಿಂಗಳಲ್ಲಿ ಜೀವ ಬಂದುಬಿಟ್ಟಿತ್ತು. ಹೆಂಚು ಹಾರಿಹೋಗಿದ್ದ ಗೋದಾಮಿನಲ್ಲಿ ಈಗ ಕಾಫಿ ಅಂಗಡಿ. ಪಾಚಿ ಹಿಡಿದ ಗೋಡೆಗಳ ಮೇಲೆ ದೋಣಿ, ಬಲೆ, ಬಂಗಡೆಗಳ ಚಿತ್ರ. ಗೋವಾ ಕಡೆಯ ಕಾರುಗಳು ನಿಲ್ಲಲು ಜಾಗವಿಲ್ಲ. ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಮರದ ನೆರಳಿನ ಫುಟ್‌ಪಾತು. ಕೆಮ್ಮಣ್ಣಿನ ಬಣ್ಣದ ನೆಲದ ಮೇಲೆ ಬಿಳಿಯಲ್ಲಿ ಬರೆದ ಇಪ್ಪತ್ತು ಹಲಿಗಳು, ಸುತ್ತಲಿನ ಹಳ್ಳಿಯ ಹೆಂಗಸರು ಹಬ್ಬಕ್ಕೆ ಅಂಗಳದಲ್ಲಿ ಬರೆಯುವ ರಂಗೋಲಿಗಳು, ಒಂದಕ್ಕಿಂತ ಒಂದು ಚೆಂದ. ಬರೆದವಳು ಬೆಳಂಬಾರದ ರಕ್ಷಿತಾ. ಧಾರವಾಡದಲ್ಲಿ ಚಿತ್ರಕಲೆ ಓದಿ ಬಂದವಳಿಗೆ ಇದು ಮೊದಲ ದೊಡ್ಡ ಕೆಲಸ.

ಭಾನುವಾರ, ಸಂತೆಯ ದಿನ, ಯೋಜನೆಯ ಎಂಜಿನಿಯರ್ ಅಶೋಕ ಅವಳನ್ನು ಕರೆಸಿ ಕೈಕುಲುಕಿದ.

"ಆರು ವರ್ಷ ನೋಟಿಸು ಕೊಟ್ಟು ಸಾಕಾಗಿತ್ತು ಮಾರಾಯ್ತಿ. ಆ ಸೊಪ್ಪು ಮಾರೋ ಹೆಂಗಸ್ರು ಜಪ್ಪಯ್ಯ ಅಂದ್ರೂ ಈ ಫುಟ್‌ಪಾತಿಂದ ಏಳ್ಲಿಲ್ಲ. ನೀನು ಬಣ್ಣ ಬಳ್ದೆ ನೋಡು, ತಾವಾಗೇ ಎದ್ದು ಹೋದ್ರು! ಹಾವೂ ಸತ್ತಿತು, ಕೋಲೂ ಮುರೀಲಿಲ್ಲ. ಮುಂದಿನ್ದು ಅಂಕೋಲೆ ಪೇಟೆ. ಅಲ್ಲೂ ಇದನ್ನೇ ಬರಿ."

ರಕ್ಷಿತಾ ಮೊದಲು ನಕ್ಕಳು. ಹೊಗಳಿದರೆ ನಗುವುದು ಅಭ್ಯಾಸವಾಗಿತ್ತಲ್ಲ! ಆಮೇಲೆ ರಸ್ತೆಯ ಆಚೆ ನೋಡಿದಳು. ಗಟಾರದ ಪಕ್ಕ, ಬೋಳು ಬಿಸಿಲಿನಲ್ಲಿ, ಬುಟ್ಟಿಗಳ ಸಾಲು. ಅದರಲ್ಲಿ ಮೂರನೆಯದು ಅವಳ ಸೋದರತ್ತೆ ಬೊಮ್ಮಿಯದು. ತಾಯಿಯಿಲ್ಲದ ರಕ್ಷಿತಾಳನ್ನು ಸಾಕಿದವಳು ಬೊಮ್ಮಿ. ಮೂವತ್ತು ವರ್ಷ ಈ ಮರದ ಕೆಳಗೇ ಕೂತು ಸೊಪ್ಪು ಮಾರಿ ಮನೆ ನಡೆಸಿದ್ದಳು.

ಬಣ್ಣ ಒಣಗಲಿ ಎಂದು ಹೆಂಗಸರು ಆಚೆ ಹೋಗಿದ್ದಾರೆ, ಒಣಗಿದ ಮೇಲೆ ಬರುತ್ತಾರೆ ಎಂದುಕೊಂಡಿದ್ದಳು ರಕ್ಷಿತಾ ಎಂಬ ಈ ಪುಣ್ಯಾತ್ಗಿತ್ತಿ. ಬಣ್ಣ ಒಣಗಿ ಐದು ಸಂತೆ ಕಳೆದಿದ್ದವು.

ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ. ದೀಪಾವಳಿಗೆ ಬೊಮ್ಮಿ ಅಂಗಳ ಸಾರಿಸಿ, ಬಿಳಿ ಶೇಡಿಮಣ್ಣು ಕಲಸಿ ಹಲಿ ಬರೆದಳೆಂದರೆ ಮನೆಯವರೆಲ್ಲ ಸುತ್ತು ಹಾಕಿಯೇ ಓಡಾಡಬೇಕು. ಆರು ವರ್ಷದವಳಿದ್ದಾಗ ರಕ್ಷಿತಾ ಒಮ್ಮೆ ಅಡ್ಡ ಓಡಿ ಬೆನ್ನಿಗೆ ಗುದ್ದು ತಿಂದಿದ್ದಳು. ಹಲಿಯನ್ನು ತುಳಿಯುವುದಿರಲಿ, ಅದರ ಮೇಲೆ ಬುಟ್ಟಿ ಇಟ್ಟು ಕುಂಡೆ ಊರಿ ಕೂರುವುದುಂಟೇ? ಆದರೆ ಅದೇ ಹಲಿ ಲ್ಯಾಪ್‌ಟಾಪಿಗೆ ಹತ್ತಿ ಡಿಸೈನ್ ಎಂಬ ಹೆಸರು ಪಡೆದಾಗ ಅವಳಿಗೆ ಎಲ್ಲ ಮರೆತೇ ಹೋಗಿತ್ತು. ಪಟ್ಟಣದವರು ನಿಶ್ಚಿಂತೆಯಿಂದ ಅದರ ಮೇಲೆ ಓಡಾಡುತ್ತಿದ್ದರು. ಕೂರಲಾರದವರು ಅವಳ ಜನ ಮಾತ್ರ.

ನಾಚಿಕೆಯಿಂದ ಅವಳ ಕಿವಿ ಕಾದವು. ರಸ್ತೆ ದಾಟಿ ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತಳು. ಹತ್ತು ಗಂಟೆಗೇ ಹರಿವೆ ಸೊಪ್ಪು ಬಾಡಿ ಜೋತಿತ್ತು.

"ಅತ್ತೇ, ಯಾಕೆ ಹೇಳ್ಲಿಲ್ಲ ನಂಗೆ?"

"ಎಂತಾ ಹೇಳೂದು ಮಗಾ? ಹಲಿ ಬರ್ಯೂದು ಕಲ್ಸಿ ಕೊಡು ಅಂದೆ ನೀ, ಕಲ್ಸ್‌ದೆ. ಎಲ್ ಬರೀತೆ ಅಂತ ನೀ ಹೇಳ್ಲಿಲ್ಲ. ಬಂದು ನೋಡ್ದ್ರೆ ನನ್ನ ಜಾಗ್ದಾಗೇ ಬರ್ದಿದ್ದೆ." ಬೊಮ್ಮಿ ಸೊಪ್ಪಿಗೆ ನೀರು ಚಿಮುಕಿಸಿದಳು. "ದೊಡ್ ದೊಡ್ಡೋರು ನಿನ್ನ ಹೊಗಳ್ತಾ ಇದ್ರು. ನನ್ನ ಬುಟ್ಟಿ ತಕಂಡು ಎದ್ ಬಂದೆ. ಉಳ್ದೋರೂ ಬಂದ್ರು."

ಬೈದಿದ್ದರೆ ಚೆನ್ನಾಗಿತ್ತು. ಆ ಗುದ್ದಾದರೂ ಬಿದ್ದಿದ್ದರೆ ರಕ್ಷಿತಾಗೆ ಉಸಿರಾಡಲು ಬರುತ್ತಿತ್ತು. ನೋಟಿಸಿಗೆ ಜಗ್ಗದವರನ್ನು ಅವರದೇ ಹಲಿಯಿಂದ ಎಬ್ಬಿಸಿದವಳು ತಾನು. ಅದಕ್ಕೆ ಚಪ್ಪಾಳೆಯನ್ನೂ ಗಿಟ್ಟಿಸಿದವಳು.

ಎದ್ದು ಹೋದವಳು ಕಾಫಿ ಅಂಗಡಿಯ ಹಿಂದೆ ಉಳಿದಿದ್ದ ಕೆಂಪು ಬಣ್ಣದ ಡಬ್ಬಿ, ಬ್ರಶ್ಶು ತಂದಳು. ಮರದ ಬುಡದ ಮೊದಲ ಹಲಿ ಬೊಮ್ಮಿಯ ಜಾಗ. ರಕ್ಷಿತಾ ಅಲ್ಲಿ ಮಂಡಿಯೂರಿ ಬಿಳಿ ಗೆರೆಗಳ ಮೇಲೆ ಕೆಂಪು ಬಳಿಯತೊಡಗಿದಳು. ಅರ್ಧ ದಿನ ಬೆನ್ನು ಬಗ್ಗಿಸಿ ಬರೆದದ್ದು ನಾಲ್ಕು ನಿಮಿಷದಲ್ಲಿ ಮಾಯವಾಯಿತು. ಫೋಟೋ ತೆಗೆಯುತ್ತಿದ್ದವರು ಕೂಗಿದರು. ಅಶೋಕ ಓಡಿ ಬಂದ.

"ತಲೆ ಸಮ ಉಂಟಾ ನಿಂಗೆ? ಅಂಕೋಲೆ ಕೆಲ್ಸಾನೂ ಹೋಗ್ತದೆ, ನೋಡ್ಕೋ!"

"ಹೋಗ್ಲಿ ಸರ್," ಎಂದಳು. ಬ್ರಶ್ಶನ್ನು ಮತ್ತೆ ಬಣ್ಣಕ್ಕೆ ಅದ್ದಿದಳು.

ಆಚೆಯ ಹೆಂಗಸರೆಲ್ಲ ಎದ್ದು ನಿಂತು ನೋಡಿದರು. ಬೊಮ್ಮಿ ಒಬ್ಬಳೇ ರಸ್ತೆ ದಾಟಿ ಬಂದಳು. ಒದ್ದೆ ಕೆಂಪನ್ನು ಬೆರಳಿನಿಂದ ಮುಟ್ಟಿದಳು. ಅಳಿದುಹೋದ ಹಲಿಗೆ ಕೈಮುಗಿದಳು. ಅವಳ ಕಣ್ಣು ತುಂಬಿದ್ದು ಕಂಡು ರಕ್ಷಿತಾಳಿಗೆ ಇದೂ ತಪ್ಪಾಯಿತೇನೋ ಎನಿಸಿತು. ತಪ್ಪನ್ನು ಅಳಿಸಲು ಹೋಗಿ ಅತ್ತೆಯ ಹಲಿಯನ್ನೇ ಅಳಿಸಿದ್ದಳು. ಆದರೂ ಬ್ರಶ್ಶನ್ನು ಎರಡನೆಯ ಹಲಿಯತ್ತ ಒಯ್ದಳು.

ಬೊಮ್ಮಿ ಅವಳ ಮಣಿಕಟ್ಟು ಹಿಡಿದಳು.

"ಅದು ನನ್ನ ಪಕ್ಕ ಬುಟ್ಟಿ ಇಟ್ಕಂಡು ಕೂತ್ಕಳೂ ಹೊನ್ನುನ ಜಾಗ. ಬರೀವಾಗ ನೀ ಯಾರ್ನೂ ಕೇಳ್ಲಿಲ್ಲ ಮಗಾ. ಅಳ್ಸೂಕಾದ್ರೂ ಹೋಗಿ ಅವಳ್ನ ಕೇಳು."