ಅಳಿಸಿದ ಗೆರೆಗಳು

"ಓದಿದ್ದು ಸಾಕು ಬಾರಣ್ಣ, ನೀನೇನು ಪರೀಕ್ಷೆಗೆ ಕೂರ್ಬೇಕಾ?" ತಮ್ಮ ಹೊರಗಿನಿಂದ ಕೂಗಿದ. ಕಚೇರಿಯೊಳಗೆ ಕೂತಿದ್ದ ಪೇಂಟರ್, ಕಾರಿನ ಸರ್ವಿಸ್ ಪುಸ್ತಕದಿಂದ ತಲೆ ಎತ್ತಲಿಲ್ಲ.

ಹಳೆಯ ಕಾರು ಮಾರುವ ಆ ಅಂಗಳದಲ್ಲಿ ತಮ್ಮ ಆಗಲೇ ಬಿಳಿ ಕಾರಿಗೆ ನಾಲ್ಕು ಸುತ್ತು ಬಂದಿದ್ದ, ನಾಲ್ಕೂ ಟೈರು ಒದ್ದಿದ್ದ. ಟೈರು ಒದ್ದರೆ ಏನು ತಿಳಿಯುತ್ತದೋ ದೇವರೇ ಬಲ್ಲ, ಹಳೆಯ ಕಾರು ಕೊಳ್ಳಲು ಬಂದವರೆಲ್ಲ ಒದೆಯುತ್ತಾರೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಡಬ್ಬ ತುಂಬಿಸಿ, ಹೋದ ವಾರ ರಾಜೀನಾಮೆ ಬಿಸಾಕಿ ಬಂದಿದ್ದ. ಇನ್ನು ಸ್ವಂತ ಕಾರು, ಬಾಡಿಗೆಗೆ ಓಡಿಸುವುದು, ಯಾರ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ. ಈ ಅಂಗಡಿಗೇ ಬಂದದ್ದಕ್ಕೂ ಕಾರಣವಿತ್ತು. ಅಣ್ಣನ ಮಗಳು ಇಲ್ಲಿ ಎರಡು ವರ್ಷದಿಂದ ಗುಮಾಸ್ತೆ. "ನಮ್ಮ ಹುಡುಗಿ ಕೂತಿರೋ ಕಡೆ ಮೋಸ ಆಗೋ ಮಾತೇ ಇಲ್ಲ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ.

ಪುಸ್ತಕದಲ್ಲಿ ಹನ್ನೊಂದು ಸರ್ವಿಸ್. ಮೂರು ಗ್ಯಾರೇಜಿನ ಮುದ್ರೆ, ನಾಲ್ಕು ಬಗೆಯ ಶಾಯಿ. ಒಂದು ಕೈಬರಹ ಬಲಕ್ಕೆ ವಾಲಿತ್ತು, ಇನ್ನೊಂದು ಕಾಗೆ ಕಾಲು ಗುಬ್ಬಿ ಕಾಲು. ಒಂದು ಪುಟದ ಮೂಲೆಯಲ್ಲಿ ಎಣ್ಣೆ ಹತ್ತಿದ ಹೆಬ್ಬೆಟ್ಟೂ ಇತ್ತು. ಯಾರು ನೋಡಿದರೂ ಸೈ ಅನ್ನಬೇಕು. ಆದರೆ ಪೇಂಟರ್ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಅಕ್ಷರ ಕಂಡರೆ ಕಣ್ಣು ಮೊದಲು ಅದರ ಬುಡಕ್ಕೆ ಹೋಗುತ್ತದೆ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪ್ರತಿ ಸಾಲಿನ ಮೇಲೊಂದು ಕೆಳಗೊಂದು, ಪೆನ್ಸಿಲಿನಲ್ಲಿ ಎಳೆದು ರಬ್ಬರಿನಿಂದ ಅಳಿಸಿದ ಗೆರೆ.

ಯಾವ ಮೆಕ್ಯಾನಿಕ್ಕು ಕೈ ತೊಳೆದುಕೊಂಡು, ಸ್ಕೇಲು ಇಟ್ಟು, ಗೆರೆ ಹೊಡೆದು, 'ಆಯಿಲ್ ಬದಲಿಸಿದೆ' ಎಂದು ಬರೆದಾನು? ಜೋಡಿ ಗೆರೆ ಹೊಡೆಯದೆ ಅಕ್ಷರ ಇಡಬಾರದೆಂದು ಪೇಂಟರ್ ಹೇಳಿಕೊಟ್ಟದ್ದು ಜಗತ್ತಿನಲ್ಲಿ ಒಬ್ಬಳಿಗೇ. ಅವಳಿಗೆ ಆಗ ಆರು ವರ್ಷ. ಯಾರ ಕೈಬರಹವನ್ನಾದರೂ ನೋಡಿದ ಕೂಡಲೇ ಹಾಗೇ ಬರೆದು ತೋರಿಸುತ್ತಿದ್ದಳು. ಅಪ್ಪ ಬಂದವರ ಮುಂದೆಲ್ಲ ಬರೆಸಿ ಬೀಗುತ್ತಿದ್ದ.

ಈಗ ತಲೆ ಎತ್ತಿದ. ಎದುರು ಮೇಜಿನಲ್ಲಿ ಮಗಳು ಕಾಗದಗಳಿಗೆ ಪಿನ್ನು ಹೊಡೆಯುತ್ತಿದ್ದಳು. ಹೊಡೆದಿದ್ದಕ್ಕೇ ಮತ್ತೆ ಹೊಡೆದಳು.

ಕುಡಿಯುವ ನೀರಿನ ಕ್ಯಾನು ಹಿಂದಿನ ಮೂಲೆಯಲ್ಲಿತ್ತು. ಪೇಂಟರ್ ಎದ್ದು ಅಲ್ಲಿಗೆ ಹೋದ. ಬಾಟಲಿ ಹಿಡಿದು ಮಗಳೂ ಬಂದಳು.

"ನೀನು ಬರೆದದ್ದಾ?"

"ಹೂಂ."

"ಏನಾಗಿದೆ ಕಾರಿಗೆ?"

"ಮೂರು ದಿನ ನೀರಲ್ಲಿ ಮುಳುಗಿತ್ತಂತೆ ಅಪ್ಪ. ವೈರೆಲ್ಲ ಒಳಗೇ ತುಕ್ಕು. ಆರು ತಿಂಗಳು ಓಡಿದ್ರೆ ಹೆಚ್ಚು ಅಂತಾರೆ." ನಲ್ಲಿ ತಿರುಗಿಸಿದಳು, ಬಾಟಲಿಯನ್ನು ಅದರಡಿ ಹಿಡಿಯಲು ಮರೆತಳು. "ಚಿಕ್ಕಪ್ಪಂಗೆ ಬರಬೇಡಿ ಅಂತ ಫೋನಲ್ಲಿ ಬಡ್ಕೊಂಡೆ. ನಕ್ಕುಬಿಟ್ರು."

"ಬಿಟ್ಟುಬಿಡು ಈ ಕೆಲಸ. ಇವತ್ತೇ ಬಿಡು."

"ನನ್ನ ಮಾರ್ಕ್ಸ್ ಕಾರ್ಡೆಲ್ಲ ಮಾಲೀಕರ ಬೀರುವಲ್ಲಿದೆ. ಅದೂ ಹೋಗ್ಲಿ ಅನ್ನಿ. ಇಲ್ಲಿಂದ ಹೋಗಿರೋ ಎಲ್ಲಾ ಪುಸ್ತಕದಲ್ಲೂ ನನ್ನ ಕೈ ಇದೆ ಅಪ್ಪ. ಅವರದ್ದು ಒಂದಕ್ಷರ ಇಲ್ಲ."

ನೀರು ನೆಲಕ್ಕೆ ಹರಿದು ಪೇಂಟರನ ಚಪ್ಪಲಿ ಒದ್ದೆಯಾಯಿತು. ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತಮ್ಮನ ಕಿವಿಯಲ್ಲಿ ಗುಟ್ಟಾಗಿ ಹೇಳಿಬಿಡೋಣವೆಂದರೆ, ತಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಂಗಳದಲ್ಲೇ ಕೂಗಾಡುತ್ತಾನೆ, ಠಾಣೆಗೆ ಹೋಗುತ್ತಾನೆ. ಪೊಲೀಸರು ಬಂದು ಕೇಳುವುದು ಒಂದೇ ಪ್ರಶ್ನೆ: ಬರೆದವರು ಯಾರು? ಅತ್ತ ದರಿ, ಇತ್ತ ಪುಲಿ.

ಹೊರಗೆ ಮಾಲೀಕ ಕಾರಿನ ಬಾನೆಟ್ಟು ಸವರುತ್ತ ನಿಂತಿದ್ದ. "ಪುಸ್ತಕ ಇಲ್ಲದ ಗಾಡಿ ನಾನು ಮುಟ್ಟೋದೇ ಇಲ್ಲ ಸ್ವಾಮಿ. ಕಾಗದಪತ್ರ ಎಲ್ಲಾ ನಿಮ್ಮ ಹುಡುಗೀದೇ. ನಾನು ಪೆನ್ನು ಸಹ ಹಿಡಿಯಲ್ಲ." ಹೊರಗೆ ಬಂದ ಪೇಂಟರನ ಕಡೆ ತಿರುಗಿ ನಕ್ಕ. "ಏನು ಪೇಂಟರ್ರೇ, ಅಷ್ಟೊತ್ತು ನೋಡಿದ್ರಲ್ಲ. ಅಕ್ಷರ ಚೆನ್ನಾಗಿದೆಯಾ?"

ಪೇಂಟರ್ ತಮ್ಮನ ಹತ್ತಿರ ಹೋದ. "ಇವತ್ತು ಬೇಡ" ಎಂದ. "ಒಂದು ವಾರ ಬಿಟ್ಟು ಬರೋಣ."

"ಯಾಕೆ?"

"ಯಾಕೋ ಮನಸ್ಸು ಒಪ್ತಿಲ್ಲ."

"ಮನಸ್ಸು ಒಪ್ಪೋಕೆ ಇದೇನು ಮದುವೆ ಸಂಬಂಧಾನಾ?"

"ಯಾರಾದ್ರೂ ಮೆಕ್ಯಾನಿಕ್ಕಿಗೆ ಒಂದ್ಸಲ ತೋರಿಸೋಣ ಕಣೋ."

"ಧಾರಾಳವಾಗಿ ತೋರಿಸಿ" ಎಂದ ಮಾಲೀಕ. "ಸಂಜೆ ಇನ್ನೊಬ್ರು ಬರ್ತಿದಾರೆ ಈ ಗಾಡಿಗೆ. ಆಮೇಲೆ ನನ್ನ ಕೇಳ್ಬೇಡಿ."

ತಮ್ಮನ ಮುಖ ಕೆಂಪಾಯಿತು. ಅಣ್ಣನನ್ನು ತೋಳು ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಎಳೆದ. ದನಿ ತಗ್ಗಿಸಿದ್ದೇನೆಂದು ಅವನು ತಿಳಿದಿದ್ದ, ಅಂಗಳಕ್ಕೆಲ್ಲ ಕೇಳಿಸುತ್ತಿತ್ತು. "ಹದಿನಾಲ್ಕು ವರ್ಷದವನಿದ್ದಾಗಿಂದ ನಿನ್ನ ಏಣಿ ಹಿಡ್ಕೊಂಡು ನಿಂತಿದ್ದೆ. ನೀನು ಮೇಲೆ, ನಾನು ಕೆಳಗೆ. ಜೀವಮಾನವೆಲ್ಲ ಹಿಡ್ಕೊಂಡೇ ಇರ್ಬೇಕಿತ್ತಾ? ನಾನೂ ಒಂದು ಮೆಟ್ಲು ಹತ್ತಿದ್ರೆ ನಿಂಗೆ ಹೊಟ್ಟೆಕಿಚ್ಚಾ?"

ಪೇಂಟರನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಲ್ಲ ಎನ್ನುವುದಕ್ಕೆ ಕಾರಣ ಹೇಳಬೇಕಿತ್ತು, ಇದ್ದ ಕಾರಣ ಬಾಗಿಲಲ್ಲಿ ಬಂದು ನಿಂತಿತ್ತು, ಕೈಯಲ್ಲಿ ಮಾರಾಟದ ಕಾಗದ ಹಿಡಿದುಕೊಂಡು.

"ನೀನೇ ಹೇಳೇ ಪುಟ್ಟಿ" ಎಂದ ತಮ್ಮ. "ದಿನಾ ನೋಡೋಳು ನೀನು. ತಗೋಬಹುದಾ?"

ಬೇಡ ಎನ್ನಲಿ ಎಂದು ಪೇಂಟರ್ ಬಯಸಿದ. ಎಲ್ಲಿ ಬೇಡ ಅಂದುಬಿಡುತ್ತಾಳೋ ಎಂದು ಹೆದರಿದ. ಮಗಳು ಅಪ್ಪನನ್ನು ನೋಡಿದಳು, ಮಾಲೀಕನನ್ನು ನೋಡಲಿಲ್ಲ.

"ಪುಸ್ತಕದಲ್ಲಿ ಎಲ್ಲಾ ಸರಿಯಾಗಿದೆ ಚಿಕ್ಕಪ್ಪ."

ಪೇಂಟರನ ಎದೆ ಹಗುರಾಯಿತು. ಹಗುರಾದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಅಣ್ಣಾ?" ತಮ್ಮನ ದನಿ ಈಗ ಇಳಿದಿತ್ತು. ಅಷ್ಟೆಲ್ಲ ಅಂದರೂ ಅಣ್ಣ ಹೂಂ ಅನ್ನದೆ ಅವನು ಪೆನ್ನು ಹಿಡಿಯುವವನಲ್ಲ.

"ತಗೋ" ಎಂದ ಪೇಂಟರ್.

ಸಹಿ ಹಾಕಲು ಎಷ್ಟು ಹೊತ್ತು ಬೇಕು! ತಮ್ಮ ಬೀಗದ ಕೈ ಹಿಡಿದು ಹೊರಗೆ ಬಂದವನೇ ಅಣ್ಣನನ್ನು ತಬ್ಬಿಕೊಂಡ. "ಬಾಯಿಗೆ ಬಂದದ್ದು ಅಂದುಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ ಕಣಣ್ಣ." ಕಣ್ಣು ಒರೆಸಿಕೊಂಡು, ತಂದಿದ್ದ ಕೈಚೀಲದಿಂದ ಒಂದು ಸಣ್ಣ ಡಬ್ಬಿ ಕೆಂಪು ಎನಾಮಲ್ ಬಣ್ಣವನ್ನೂ ಅಣ್ಣನ ಮನೆಯಿಂದಲೇ ಅವನಿಗೆ ಗೊತ್ತಾಗದಂತೆ ತಂದ ಒಂದು ಬ್ರಷ್ಷನ್ನೂ ತೆಗೆದ. "ಅತ್ತಿಗೆಗೆ ಹೇಳೇ ತಂದಿದ್ದು. ಹಿಂದಿನ ಗಾಜಿನ ಮೇಲೆ ಬರ್ಕೊಡು. ಇಲ್ಲಿಂದ ಹೊರಡೋ ಮೊದ್ಲು ಬರೀಬೇಕು."

"ಏನಂತ?"

"'ಅಣ್ಣನ ಆಶೀರ್ವಾದ' ಅಂತ."

ಪೇಂಟರ್ ಬ್ರಷ್ಷು ಹಿಡಿದು ನಿಂತ. ಮೂವತ್ತು ವರ್ಷ ಬರೆದ ಕೈ, ಯಾರು ಏನು ಬರೆಸಿದರೂ ಬರೆಯುತ್ತದೆ. 'ಅ' ದುಂಡಗೆ ಬಂತು. ಒತ್ತಕ್ಷರವೂ ಸೊಗಸಾಗಿ ಕೂತಿತು.

"ದಪ್ಪಕ್ಕೆ ಬರಿಯಣ್ಣ" ಎಂದ ತಮ್ಮ ಡಬ್ಬಿ ಹಿಡಿದುಕೊಂಡು. "ಹಿಂದೆ ಬರೋರಿಗೆಲ್ಲ ಕಾಣ್ಬೇಕು."

ಪೇಂಟರ್ ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಿದ. ಹಸಿ ಅಕ್ಷರಗಳ ಸಂದಿಯಲ್ಲಿ, ಗಾಜಿನೊಳಗೆ, ಅವನ ಬೆನ್ನ ಹಿಂದಿನ ಕಚೇರಿ ಕಾಣುತ್ತಿತ್ತು. ಮಾಲೀಕ ಇನ್ನೊಂದು ಖಾಲಿ ಸರ್ವಿಸ್ ಪುಸ್ತಕ ತಂದು ಮೇಜಿನ ಮೇಲಿಟ್ಟ. ಮಗಳು ಅದನ್ನು ಹತ್ತಿರಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ, ಬರೆಯಲು ಕೂತಳು.