ಅವ್ವನ ಹಳದಿ ಬಿಲ್ಲೆಗಳು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ತೆಳು ಬಟ್ಟೆಯ ಸಣ್ಣ ಗಂಟುಗಳು ತೂಗುತ್ತಿದ್ದವು. ಬೆಳಗಿನ ಬಿಸಿಲು ಬಿದ್ದಾಗ ಒಳಗಿನ ಹಳದಿ ಬಿಲ್ಲೆಗಳು ಬಟ್ಟೆಯಾಚೆಗೂ ಹೊಳೆಯುತ್ತಿದ್ದವು.

ಅವ್ವನ ಅಪ್ಪ ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವರು. ಅಲ್ಲಿನ ಮಿಠಾಯಿಗೆ ಮೊಟ್ಟೆಯ ಬಿಳಿ ಸಾಕಾಗಿತ್ತು, ಉಳಿದ ಹಳದಿಯೆಲ್ಲ ಮನೆಗೆ ಬರುತ್ತಿತ್ತು. ಅದನ್ನು ಉಪ್ಪಿನಲ್ಲಿ ಹೂತಿಡುವ ವಿದ್ಯೆಯನ್ನು ಅವ್ವ ಗಂಡನ ಮನೆಗೂ ತಂದಳು. ಬಿಸ್ಕತ್ತಿನ ಡಬ್ಬಿಯಲ್ಲಿ ಪುಡಿ ಉಪ್ಪು ಹಾಸಿ, ಇಡೀ ಮೊಟ್ಟೆಯೊಂದರ ಬೆನ್ನಿನಿಂದ ಒತ್ತಿ ಗುಳಿ ಮಾಡುವಳು. ಹಳದಿಯನ್ನು ಒಡೆಯದಂತೆ ಅದರೊಳಗೆ ಜಾರಿಸಿ ಮೇಲೆ ಮತ್ತಷ್ಟು ಉಪ್ಪು ಮುಚ್ಚುವಳು. ಕೆಲವು ದಿನಕ್ಕೆ ಅದು ಗಟ್ಟಿಯಾದ ಮೇಲೆ ಒರೆಸಿ, ಬಟ್ಟೆ ಸುತ್ತಿ, ಕಿಟಕಿಗೆ ಕಟ್ಟುವಳು. ಒಣಗಿದ್ದನ್ನು ಕೊಬ್ಬರಿಯ ಹಾಗೆ ತುರಿದು ಪಲ್ಯದ ಮೇಲೆ ಉದುರಿಸಿದರೆ ನಾವು ತಟ್ಟೆ ನೆಕ್ಕುತ್ತಿದ್ದೆವು.

ಅಜ್ಜಿ ಪುಟ್ಟತಾಯಮ್ಮ ಮಾತ್ರ ಮುಟ್ಟುತ್ತಿರಲಿಲ್ಲ. “ಬೇಯಿಸಿ ತಿನ್ನೋದು ಬಿಟ್ಟು ಮೊಟ್ಟೆನ ಮಣ್ಣು ಮಾಡ್ತಾಳೆ ಇವಳು. ಅಷ್ಟೂ ಉಪ್ಪು ದಂಡ.”

ನಮ್ಮ ಮನೆಯಲ್ಲೊಂದು ಪದ್ಧತಿಯಿತ್ತು. ಯಾವ ಹೆಣ್ಣಿನ ಕೈರುಚಿಯನ್ನು ಮನೆ ಒಪ್ಪಿತೋ ಅವಳ ಹೆಸರಿಗೆ ಅಡುಗೆಮನೆಯ ಹಲಗೆಯ ಮೇಲೊಂದು ಭರಣಿ. ಮುತ್ತಜ್ಜಿಯ ಮಾವಿನ ಮಿಡಿ, ಅಜ್ಜಿಯ ನಿಂಬೆ ಉಪ್ಪಿನಕಾಯಿ ಅಲ್ಲಿ ಮೆರೆಯುತ್ತಿದ್ದವು. ಸೊಸೆಯಾಗಿ ಬಂದು ಎಷ್ಟು ಕಾಲವಾದರೂ ಅವ್ವನದು ಡಬ್ಬಿಯೇ. ಅವಳು ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಹಲಗೆ ಒರೆಸುವಾಗ ಒಂದು ಭರಣಿಯಷ್ಟು ಜಾಗವನ್ನು ಖಾಲಿ ಬಿಟ್ಟೇ ಉಳಿದವನ್ನು ಜೋಡಿಸುತ್ತಿದ್ದಳು.

ನನ್ನ ಸೋದರತ್ತೆ ಚೆಲುವಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಮಾತು ಗಟ್ಟಿಯಾಗುವ ತನಕ ಬಾಡೂಟವಿಲ್ಲ ಎಂಬುದು ನಮ್ಮವರ ಕಟ್ಟಳೆ. ಹಾಗಾಗಿ ಮನೆಯ ಮರ್ಯಾದೆಯೆಲ್ಲ ಅಜ್ಜಿಯ ಹುರುಳಿಕಾಯಿ ಪಲ್ಯದ ಮೇಲೆ ನಿಂತಿತ್ತು.

ಎಲೆ ಹಾಕಿಯಾಗಿತ್ತು. ಒಂದು ಚೂರು ಪಲ್ಯವನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿದ ಅವ್ವ ನಿಂತುಬಿಟ್ಟಳು. ಉಪ್ಪು ಅರೆ, ಸಿಹಿ ಮುಂದು. ಡಬ್ಬಿಯ ಕಡೆ ನೋಡಿದರೆ ಮುಚ್ಚಳ ಓರೆಯಾಗಿತ್ತು. ದಂಡವಾಗಬಾರದೆಂದು ಅಜ್ಜಿ ಆ ಉಪ್ಪನ್ನೇ ಪಲ್ಯಕ್ಕೆ ಸುರಿದಿದ್ದಳು. ಅದರಲ್ಲಿ ಉಪ್ಪಿನಷ್ಟೇ ಸಕ್ಕರೆ ಬೆರೆತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅಜ್ಜಿಯೂ ರುಚಿ ನೋಡಿದಳು. ಮುಖ ಇಳಿಯಿತು. “ಏನವ್ವ ಮಾಡೋದು ಈಗ?”

ಸೊಸೆಯನ್ನು ಅವಳು ‘ಅವ್ವ’ ಎಂದು ಕರೆದದ್ದು ಅದೇ ಮೊದಲು.

ಅವ್ವ ಕಿಟಕಿಯ ಗಂಟುಗಳನ್ನು ಬಿಚ್ಚಿದಳು. ಪಲ್ಯಕ್ಕೆ ನಿಂಬೆ ಹಿಂಡಿ ಕಲಸಿದಳು, ಮೇಲೆ ಹಳದಿಯನ್ನು ಧಾರಾಳವಾಗಿ ತುರಿದಳು.

“ಇದೇನವ್ವ ಹಳದಿ?” ಎಂದರು ಗಂಡಿನ ತಾಯಿ ದೇವೀರಮ್ಮ.

“ಮೊಟ್ಟೆ. ನಿಮ್ಮಲ್ಲಿ ಇವತ್ತು ನಡೆಯೋದಿಲ್ಲ ಅಂದ್ರೆ ಬಿಡಿ, ಬೇರೆ ಪಲ್ಯ ಬೇಯಿಸ್ತೀನಿ.”

“ಹಾಕು ಹಾಕು. ಕಟ್ಟಳೆ ಮಾಡಿದೋರು ಕೋಳಿನ ಲೆಕ್ಕ ಹಿಡಿದಿದ್ರು, ಮೊಟ್ಟೆನ ಹಿಡಿದಿರಲಿಲ್ಲ.”

ಅವರು ತಿಂದರು, ಮತ್ತೆ ಹಾಕಿಸಿಕೊಂಡರು. “ಯಾರ ಕೈದು ಇದು?”

“ನಮ್ಮತ್ತೆ…” ಎಂದು ಅವ್ವ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ತಡೆದಳು. “ಸುಮ್ನಿರೇ. ಪಲ್ಯ ನಾನು ಕೆಡಿಸಿದೆ ತಾಯಿ, ಎತ್ತಿ ನಿಲ್ಲಿಸಿದೋಳು ನನ್ನ ಸೊಸೆ. ಬೇಕರಿಯೋರ ಮಗಳು.”

ದೇವೀರಮ್ಮ ಕೈ ನೆಕ್ಕುತ್ತಾ ಅಜ್ಜಿಯನ್ನು ಕೇಳಿದರು, “ಅತ್ತೆ ಕೆಡಿಸಿದ್ದನ್ನ ಎತ್ತೋದು ನಿನ್ನ ಮಗಳಿಗೂ ಬರ್ತದಾ? ನಾನೂ ಬೇಕಾದಷ್ಟು ಕೆಡಿಸ್ತೀನಿ.”

“ಬರ್ತದೆ,” ಎಂದಳು ಚೆಲುವತ್ತೆ, ಬಾಗಿಲ ಮರೆಯಿಂದಲೇ. ಮನೆಯೆಲ್ಲ ನಕ್ಕಿತು. ಮಾತು ಅಲ್ಲಿಗೇ ಗಟ್ಟಿಯಾಯಿತು.

ಅವರು ಹೋದ ಮೇಲೆ ಅಜ್ಜಿ ಒಂದು ಭರಣಿಯನ್ನು ತೊಳೆದು, ಒರೆಸಿ, ಹಲಗೆಯ ಮೇಲೆ ತನ್ನ ಭರಣಿಯ ಪಕ್ಕಕ್ಕೆ ಇಟ್ಟಳು.

“ಸಕ್ಕರೆ ಹಾಕ್ತೀನಿ ಅಂತ ಒಂದು ಮಾತು ಹೇಳಬಾರದಿತ್ತೇನೇ?”

“ನೀವು ಕೇಳಿದ್ರಾ ಅತ್ತೆ?”

ಈಗಲೂ ನೆನೆದರೆ ನನ್ನ ಎದೆ ಉಬ್ಬುತ್ತದೆ; ಇಬ್ಬರಿಗಾಗಿಯೂ. ಮರುದಿನ ಬೆಳಿಗ್ಗೆ ಕಿಟಕಿ ಬರಿದಾಗಿತ್ತು. ತಡೆಯಿಲ್ಲದೆ ಒಳಬಂದ ಬಿಸಿಲು ಹಲಗೆಯ ಖಾಲಿ ಭರಣಿಯ ಮೇಲೆ ಬಿದ್ದಿತ್ತು. ಅದರ ಕೆಳಗೆ ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಮೊಟ್ಟೆಯೊಂದರ ಬೆನ್ನಿನಿಂದ ಉಪ್ಪನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತುತ್ತಿದ್ದಳು.