ಐದು ಪೌಂಡಿನ ಒತ್ತಡ

ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ ಐದು ಪೌಂಡು ಸಾಕೇ, ಏಳಕ್ಕೆ ಹೋಗಬೇಕೇ? ಏಳಾದರೆ ಲಾರಿಯ ಹಿಂದಿನಿಂದ ಹೊರಬಂದು ಅದನ್ನು ದಾಟುವುದಕ್ಕೆ ಈಗ ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ ರಸ್ತೆ ಸಾಕು. ಐದಾದರೆ ಅಷ್ಟು ಸಲೀಸಲ್ಲ, ಆದರೆ ವೇಗವೂ ಅಷ್ಟು ಏರುವುದಿಲ್ಲ. ಎಂಜಿನ್ನು ಎರಡನ್ನೂ ತಡೆದುಕೊಳ್ಳುತ್ತದೆ. ಅದರ ಲೆಕ್ಕವನ್ನು ಶ್ರೀವತ್ಸ ಹಲವು ಸಲ ಹಾಕಿದ್ದ, ಉತ್ತರ ಬದಲಾಗಿರಲಿಲ್ಲ. ಹಾಗಿದ್ದರೂ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ತಲೆ ಆನಿಸಿ ಕುಳಿತು, ಐದೋ ಏಳೋ ಎಂದು ತೂಗುತ್ತಲೇ ಇದ್ದ.

ಕಾರು ಅವನ ತಂದೆ ಸಂಪತ್ಕುಮಾರರದು. ಡೀಸೆಲ್ ಕಾಂಟೆಸ್ಸಾ. ಹೊಳೆನರಸೀಪುರದಲ್ಲಿ ವಕೀಲರಾಗಿದ್ದ ಅವರು ಹಾಸನದ ಕೋರ್ಟಿಗೆ ಅದನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಶ್ರೀವತ್ಸ ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಊರಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ. ತಮ್ಮ ವಕೀಲಿ ವೃತ್ತಿ ಹಿಡಿಯದ ಮಗನ ಬಗ್ಗೆ ಸಂಪತ್ಕುಮಾರರು ಬೇಸರ ತೋರಿಸಿದವರಲ್ಲ. ಏನು ಓದಿದೆ, ಏನು ಕಲಿಸುತ್ತೀ ಎಂದು ಕೇಳಿದವರೂ ಅಲ್ಲ.

೨೦೦೧ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಹಾಸನಕ್ಕೆ ಹೊರಟಿದ್ದರು. ಮುಂದೆ ತಂಬಾಕಿನ ಬೇಲು ಹೇರಿದ ಲಾರಿ. ಅದನ್ನು ದಾಟಲೆಂದು ಸಂಪತ್ಕುಮಾರರು ಕಾರನ್ನು ಬಲಕ್ಕೆ ತೆಗೆದರು. ಆಗ ಬಲಗಡೆಯ ಮಣ್ಣುದಾರಿಯಿಂದ ಒಂದು ಟ್ರಾಕ್ಟರ್ ರಸ್ತೆಗೆ ಹತ್ತುತ್ತಿರುವುದು ಶ್ರೀವತ್ಸನಿಗೆ ಕಾಣಿಸಿತು. ಅದು ಮೆಲ್ಲಗೆ, ಆತುರವಿಲ್ಲದೆ ಹತ್ತುತ್ತಿತ್ತು. ಅಪ್ಪ ಬ್ರೇಕಿನ ಮೇಲೆ ಕಾಲಿಡಲಿಲ್ಲ. ಶ್ರೀವತ್ಸ ಕೂಗಿದ. ಅಪ್ಪ ಬಲಕ್ಕೆ ತಲೆ ಹೊರಳಿಸಿ ನೋಡಿದರು. ಲಾರಿಯವನು ತಾನೇ ನಿಧಾನ ಮಾಡಿ ಜಾಗ ಬಿಟ್ಟದ್ದರಿಂದ ಕಾರು ಲಾರಿಯ ಮುಂದೆ ನುಸುಳಿಕೊಂಡಿತು.

ಸ್ವಲ್ಪ ದೂರ ಹೋದ ಮೇಲೆ ಸಂಪತ್ಕುಮಾರರು ಹೇಳಿದರು: "ಈ ಗಾಡಿಗೆ ಎಳೆತವೇ ಇಲ್ಲ ಕಣೋ. ಇದ್ದಿದ್ರೆ ಅವನು ರಸ್ತೆಗೆ ಬರೋ ಹೊತ್ತಿಗೆ ನಾವು ದಾಟಿಬಿಡ್ತಿದ್ವಿ."

ಅಪ್ಪನಿಗೆ ಟ್ರಾಕ್ಟರ್ ಕಂಡೇ ಇರಲಿಲ್ಲವೆಂದು ಶ್ರೀವತ್ಸನಿಗೆ ಗೊತ್ತಿತ್ತು. ಅದನ್ನು ಹೇಳಲೆಂದು ಬಾಯಿ ತೆರೆದವನು, "ಟರ್ಬೊ ಹಾಕಿದ್ರೆ ಎಳೆಯುತ್ತೆ" ಎಂದ.

"ಹಾಗಂದ್ರೆ?"

"ಸೈಲೆನ್ಸರಿಗೆ ಹೋಗೋ ಹೊಗೆ ಒಂದು ಸಣ್ಣ ಚಕ್ರವನ್ನ ತಿರುಗಿಸುತ್ತೆ. ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತೆ. ಗಾಳಿ ಹೆಚ್ಚಾದರೆ ಡೀಸೆಲ್ಲೂ ಹೆಚ್ಚು ಕೊಡಬಹುದು."

"ನಿನಗೆ ಬರುತ್ತಾ ಅದು?"

ಅಪ್ಪ ಅವನನ್ನು ಅಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಬರುತ್ತೆ" ಎಂದ.

ಆ ರಾತ್ರಿ ಊಟಕ್ಕೆ ಕುಳಿತಾಗ ಸಂಪತ್ಕುಮಾರರ ಎಡಗೈ ತಾಗಿ ಸಾರಿನ ಪಾತ್ರೆ ಉರುಳಿತು. ತಾಯಿ ವೇದವತಿ ನೆಲ ಒರೆಸಿದರು. ಆಮೇಲೆ ಅಡುಗೆಮನೆಗೆ ನೀರು ಕುಡಿಯಲು ಬಂದ ಮಗನಿಗೆ ಸಣ್ಣ ದನಿಯಲ್ಲಿ ಹೇಳಿದರು.

"ಪಕ್ಕದಲ್ಲಿ ಇಟ್ಟಿದ್ದು ಅವರಿಗೆ ಕಾಣಿಸ್ತಿಲ್ಲ. ಮೊನ್ನೆ ಬಾಗಿಲ ಪಕ್ಕ ನಾನೇ ನಿಂತಿದ್ದೆ, ಡಿಕ್ಕಿ ಹೊಡೆದ್ರು. ಡಾಕ್ಟರ ಹತ್ತಿರ ಹೋಗೋಣ ಅಂದರೆ, ಪಹಣಿಯ ಅಕ್ಷರ ಓದ್ತೀನಿ ನಾನು, ನನ್ನ ಕಣ್ಣಿಗೇನು ಬಂದಿದೆ ಅಂತ ರೇಗಿದ್ರು. ನೀನು ಹೇಳು. ನೀನು ಹೇಳಿದರೆ ಕೇಳ್ತಾರೆ."

"ಹೇಳ್ತೀನಿ" ಎಂದ ಶ್ರೀವತ್ಸ. ಪಹಣಿ ಓದುತ್ತಾರೆ ಎನ್ನುವುದು ನಿಜ. ಅಷ್ಟು ಸಣ್ಣ ಅಕ್ಷರ ಓದುವವರಿಗೆ ಟ್ರಾಕ್ಟರ್ ಹೇಗೆ ಕಾಣದೆ ಹೋಯಿತು? ಅದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ಸುಮ್ಮನಿರಲು ಒಂದು ನೆಪವೂ ಸಿಕ್ಕಿತು.

ಕಾರು ಅರಕಲಗೂಡಿಗೆ ಹೋಯಿತು. ಅಲ್ಲಿ ಗ್ಯಾರೇಜ್ ಇಟ್ಟಿದ್ದ ಮೋಹನ್‌ಕುಮಾರ್ ಅವನ ಕಾಲೇಜಿನ ಗೆಳೆಯ. ಕೊನೆಯ ವರ್ಷ ಪರೀಕ್ಷೆಗೇ ಕೂರದೆ ಊರಿಗೆ ಬಂದು ಸ್ಪಾನರ್ ಹಿಡಿದವನು. ಇಬ್ಬರೂ ಎಂಜಿನ್ ಬಿಚ್ಚಿಟ್ಟುಕೊಂಡು ಭಾನುವಾರಗಳನ್ನು ಕಳೆದರು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಎರಡು ಟರ್ಬೊಗಳಲ್ಲಿ ಶ್ರೀವತ್ಸ ಚಿಕ್ಕದನ್ನೇ ಆರಿಸಿದ. ಹೊಸ ಪಿಸ್ಟನ್, ಹೊಸ ರಿಂಗು. ಹಾಸನದಲ್ಲಿ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಮಟ್ಟ ಮಾಡಿಸಿದರು. ರೇಡಿಯೇಟರನ್ನು ದೊಡ್ಡದು ಮಾಡಿಸಿದರು. ಹೊಗೆಯ ಬಿಸಿ ಎಷ್ಟೆಂದು ತೋರಿಸುವ ಮೀಟರೊಂದನ್ನು ಸ್ಟೇರಿಂಗಿನ ಪಕ್ಕ ಕೂರಿಸುವುದೆಂದಾಯಿತು.

ಐದೋ ಏಳೋ ಎಂದು ತೂಗುತ್ತಾ ಬಂದ ಆ ದಿನ ಶ್ರೀವತ್ಸ ಬಸ್ಸಿಳಿದು ಹೋದಾಗ ಮೋಹನ್‌ಕುಮಾರ್ ಬಕೆಟ್ಟು ಮಗುಚಿಕೊಂಡು ಅದರ ಮೇಲೆ ಕುಳಿತು ಟೀ ಕುಡಿಯುತ್ತಿದ್ದ.

"ಬಾರ್ಲಾ ಪ್ರೊಫೆಸರ್ರು. ಏನಾತು, ಐದೋ ಏಳೋ?"

"ಐದು."

"ಥೂ! ಇಷ್ಟೆಲ್ಲ ಬಿಚ್ಚಾಕಿ ಐದಾ? ಟರ್ಬೊ ಅಂದ್ರೆ ಊರೋರೆಲ್ಲ ಗಾಡಿ ಜೋರಾಗ್ ಓಡ್ಬೇಕು ಅಂತಾರೆ, ನೀನೊಬ್ನೇ ಬಾಳ್ಕೆ ಬರ್ಬೇಕು ಅಂತೀಯ. ಎಂಜಿನ್ ಕಟ್ಟಿಸ್ತಿದೀಯೋ, ಇಲ್ಲಾ ಹೆಣ್ ನೋಡೋಕ್ ಬಂದಿದೀಯೋ?"

"ದಿನಾ ಓಡೋ ಗಾಡಿ ಕಣೋ. ದಾರೀಲಿ ನಿಂತುಬಿಟ್ಟರೆ?"

"ಏಳಕ್ಕೆ ನಿಲ್ಲಾಕಿಲ್ಲ ಅಂತ ನೀನೇ ಅಂದಿದ್ಯಲ್ಲಾ ಹೋದ್ವಾರ!" ಮೋಹನ್‌ಕುಮಾರ್ ಲೋಟ ಕೆಳಗಿಟ್ಟು ಎದ್ದ. ಕಾರಿನ ಮುಂದಿನ ಮೂಲೆಗಳ ಮೇಲೆ ಬೆರಳಾಡಿಸಿದ. "ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಈ ಮೂಲೆನೂ ಗೀಚೈತೆ, ಆ ಮೂಲೆನೂ ಗೀಚೈತೆ. ಮಧ್ಯ ನೋಡು, ಒಂದ್ ಗೆರೆ ಇಲ್ಲ. ನಿಮ್ಮಪ್ಪಾವ್ರಿಗೆ ಕಣ್ಣು ಸರಿಯಾಗ್ ಕಾಣ್ತದಾ?"

"ನಮ್ಮನೆ ಗೇಟು ಚಿಕ್ಕದು" ಎಂದ ಶ್ರೀವತ್ಸ.

ಮೋಹನ್‌ಕುಮಾರ್ ಅವನ ಮುಖವನ್ನೇ ನೋಡಿದ. "ಗೇಟ್ ದೊಡ್ಡದು ಮಾಡ್ಸು ಅಂಗಾರೆ" ಎಂದು ಹೇಳಿ ಮತ್ತೆ ಕೆಲಸಕ್ಕೆ ಬಾಗಿದ.

ಮುಂದಿನ ಭಾನುವಾರ ಸಂಪತ್ಕುಮಾರರೇ ಬಾಡಿಗೆ ಕಾರಿನಲ್ಲಿ ಗ್ಯಾರೇಜಿಗೆ ಬಂದರು. ಮೋಹನ್‌ಕುಮಾರ್ ಸ್ಟೂಲು ಒರೆಸಿ, "ಕೂತ್ಕಳಿ ಸಾ" ಎಂದ. ಅವರು ಪಂಚೆ ಎತ್ತಿ ಕುಳಿತು ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವಂತೆ ಮಗನನ್ನು ಕೇಳತೊಡಗಿದರು. ಇದು ಯಾಕೆ ಕೆಡುತ್ತದೆ? ಮೊದಲು ಏನು ಕೆಡುತ್ತದೆ? ಕೆಡುವ ಮುಂಚೆ ಗೊತ್ತಾಗುವುದು ಹೇಗೆ?

ಶ್ರೀವತ್ಸ ಒಂದೊಂದೇ ವಿವರಿಸಿದ. ಬಿಸಿ ಮಿತಿ ಮೀರಿದರೆ ಪಿಸ್ಟನ್ ಕರಗುತ್ತದೆ, ಅದಕ್ಕೇ ಮೀಟರ್. ಟರ್ಬೊದ ಒಳಗಿನ ಚಕ್ರ ಎಂಜಿನ್ನಿಗಿಂತ ಎಷ್ಟೋ ಪಾಲು ಜೋರಾಗಿ ತಿರುಗುತ್ತದೆ, ಅದಕ್ಕೆ ಎಣ್ಣೆ ಒಂದು ಕ್ಷಣವೂ ತಪ್ಪಬಾರದು. "ಇಳಿಜಾರಿನಲ್ಲಿ ನೀವು ಆಫ್ ಮಾಡಿ ಬಿಡ್ತೀರಲ್ಲ ಅಪ್ಪ, ಅದು ಇನ್ಮೇಲೆ ಆಗಲ್ಲ. ಎಣ್ಣೆ ನಿಂತುಹೋಗುತ್ತೆ. ಮನೆ ಮುಂದೆ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಓಡ್ತಾ ಇರಬೇಕು."

ಇಳಿಜಾರು ಬಂದ ಕೂಡಲೇ ಎಂಜಿನ್ ಆರಿಸಿ, ಗಾಡಿಯನ್ನು ತಾನಾಗಿ ಉರುಳಲು ಬಿಡುವುದು ಸಂಪತ್ಕುಮಾರರು ಡ್ರೈವಿಂಗ್ ಕಲಿತಾಗಿನಿಂದ ಬಂದ ಅಭ್ಯಾಸ. ಎಷ್ಟು ಡೀಸೆಲ್ ಉಳಿಯಿತೆಂದು ಕಕ್ಷಿದಾರರಿಗೂ ಹೇಳಿಕೊಳ್ಳುತ್ತಿದ್ದರು. ಅದನ್ನು ಬಿಡಬೇಕೆಂದರೆ ವಾದಕ್ಕೆ ನಿಲ್ಲುತ್ತಾರೆಂದು ಶ್ರೀವತ್ಸ ಸಿದ್ಧನಾಗಿದ್ದ. ಅವರು ಸ್ವಲ್ಪ ಯೋಚಿಸಿ, "ಸರಿ, ಬಿಟ್ಟೆ" ಎಂದರು. ಮತ್ತೆ, "ಇದೆಲ್ಲ ನೀನು ಕಲಿತದ್ದೇನೋ?" ಎಂದು ಕೇಳಿ, ಮೋಹನ್‌ಕುಮಾರನ ಕಡೆ ತಿರುಗಿ, "ಇವನು ಮನೇಲಿ ಬಾಯೇ ಬಿಡಲ್ಲ ಕಣಯ್ಯ" ಎಂದರು.

"ಇಲ್ಲೂ ಅಷ್ಟೇಯ ಸಾ. ನಟ್ಟು ಬೋಲ್ಟು ಬಿಟ್ರೆ ಬ್ಯಾರೆ ಮಾತಿಲ್ಲ" ಎಂದ ಅವನು.

ಅಪ್ಪ ನಕ್ಕರು. ಅವರು ಅಷ್ಟು ಹೊತ್ತು ತನ್ನ ಮಾತು ಕೇಳಿದ ಇನ್ನೊಂದು ದಿನ ಶ್ರೀವತ್ಸನ ನೆನಪಿನಲ್ಲಿರಲಿಲ್ಲ. ಕಣ್ಣಿನ ವಿಷಯ ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಕೇಳುತ್ತಿದ್ದರು, ಅಮ್ಮ ಸರಿಯಾಗಿಯೇ ಹೇಳಿದ್ದರು. ಆದರೆ ಆ ಮಾತಿನೊಂದಿಗೆ ಟರ್ಬೊದ ಅಗತ್ಯವೇ ಮುಗಿದುಹೋಗುತ್ತಿತ್ತು. ಅಪ್ಪ ಸ್ಟೂಲಿನಿಂದ ಎದ್ದು ಹೋಗುತ್ತಿದ್ದರು. ಅವನು ರಿಂಗುಗಳನ್ನು ಒಂದೊಂದಾಗಿ ಎಣ್ಣೆಗೆ ಅದ್ದಿ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

ಮೇ ತಿಂಗಳಲ್ಲಿ ಕಾರು ಸಿದ್ಧವಾಯಿತು. ಮೊದಲ ಪಯಣ ಚನ್ನರಾಯಪಟ್ಟಣಕ್ಕೆ, ಮದುವೆಯಾಗಿ ಅಲ್ಲಿದ್ದ ಅಕ್ಕ ಹಂಸಳ ಮನೆಗೆ. ವೇದವತಿ ಹಿಂದೆ ಕುಳಿತರು. ಏರಿನಲ್ಲಿ ಎಂಜಿನ್ ತೆಳ್ಳಗೆ ಸಿಳ್ಳೆ ಹಾಕಿದಂತೆ ಮಾಡಿ ಕಾರನ್ನು ಎಳೆದುಕೊಂಡು ಹೋಯಿತು. ಮೀಟರಿನ ಮುಳ್ಳು ಕೆಂಪಿನ ಹತ್ತಿರಕ್ಕೂ ಹೋಗಲಿಲ್ಲ. ಇಳಿಜಾರಿನಲ್ಲಿ ಅಪ್ಪನ ಕೈ ಅಭ್ಯಾಸಬಲದಿಂದ ಕೀಲಿಯ ಕಡೆಗೆ ಹೋಗಿ, ನೆನಪಾಗಿ ಹಿಂದಕ್ಕೆ ಬಂತು.

"ಭೇಷ್" ಎಂದರು.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಎಡಗಡೆಯ ಗಲ್ಲಿಯಿಂದ ಸೈಕಲ್ಲಿನವನೊಬ್ಬ ಹೊರಬಂದ. ಶ್ರೀವತ್ಸ "ಅಪ್ಪಾ" ಎನ್ನುವಷ್ಟರಲ್ಲಿ ಬಂಪರಿನ ಮೂಲೆ ಸೈಕಲ್ಲಿನ ಹಿಂಚಕ್ರಕ್ಕೆ ತಗಲಿತು. ಸೈಕಲ್ಲು ಬಿತ್ತು. ಆ ಮನುಷ್ಯ ಕೈಯೂರಿ ಎದ್ದು, ಮೊಣಕೈ ನೋಡಿಕೊಂಡು, ಬಯ್ಯತೊಡಗಿದ.

"ಏನ್ ಸಾಮಿ, ಇಷ್ಟ್ ದಪ್ಪ ಆಳು ಕಾಣಾಕಿಲ್ವಾ ನಿಮ್ಗೆ?"

ಜನ ಸೇರಿದರು. ಸಂಪತ್ಕುಮಾರರು ಕೆಳಗಿಳಿದು ನಿಂತಿದ್ದರು. ಮಗನ ಕಡೆ ನೋಡಿದರು. ಕೋಪವಿರಲಿಲ್ಲ; ಉತ್ತರವನ್ನು ಅವನಿಂದ ನಿರೀಕ್ಷಿಸಿದಂತಿತ್ತು. ಹಿಂದಿನ ಕಿಟಕಿಯಿಂದ ವೇದವತಿಯೂ ಮಗನನ್ನೇ ನೋಡುತ್ತಿದ್ದರು.

"ತಪ್ಪು ನನ್ನದು" ಎಂದ ಶ್ರೀವತ್ಸ. "ಎಂಜಿನ್ನಿಗೆ ಹೊಸದಾಗಿ ಕೆಲಸ ಮಾಡಿಸಿದ್ದೀವಿ. ಪಂಪು ಡೀಸೆಲ್ ಸ್ವಲ್ಪ ಜಾಸ್ತಿ ಕೊಟ್ಟುಬಿಟ್ಟಿದೆ. ಗಾಡಿ ನುಗ್ಗಿಬಿಡ್ತು."

ಸಂಪತ್ಕುಮಾರರು ಉಸಿರು ಬಿಟ್ಟರು. "ಹೌದು, ನುಗ್ಗಿಬಿಡ್ತು" ಎಂದರು. ಸೈಕಲ್ಲಿನವನನ್ನು ಕರೆದುಕೊಂಡು ಹೋಗಿ ಗಾಯಕ್ಕೆ ಔಷಧಿ ಹಾಕಿಸಿ, ಚಕ್ರ ಸರಿಮಾಡಿಸಿಕೊಟ್ಟರು. ಹಂಸಳ ಮನೆಯಲ್ಲಿ ಊಟಕ್ಕೆ ಕುಳಿತಾಗ ವೇದವತಿ ಮಗನಿಗೆ ಬಡಿಸುತ್ತಾ ಒಂದು ಕ್ಷಣ ಸೌಟು ಹಿಡಿದು ನಿಂತರು. ಆಮೇಲೆ ಕಣ್ಣಿನ ವಿಷಯವನ್ನು ಅವರು ಅವನೆದುರು ಎತ್ತಲೇ ಇಲ್ಲ.

ಕಾರು ಮತ್ತೆ ಅರಕಲಗೂಡಿಗೆ ಹೋಯಿತು. ಒತ್ತಡವನ್ನು ಮೂರಕ್ಕೆ ಇಳಿಸು ಎಂದಾಗ ಮೋಹನ್‌ಕುಮಾರ್ ತಮಾಷೆ ಮಾಡಲಿಲ್ಲ. "ಆಗ್ಲಿ ಬುಡು" ಎಂದು ಇಳಿಸಿಕೊಟ್ಟ. ಗಾಡಿ ಮೊದಲಿದ್ದ ಹಾಗೆಯೇ ಆಯಿತು, ಸಿಳ್ಳೆಯೊಂದನ್ನು ಬಿಟ್ಟರೆ. ರಜೆ ಇದ್ದ ದಿನ ಶ್ರೀವತ್ಸ ತಾನೇ ಓಡಿಸುತ್ತೇನೆಂದು ಕೀಲಿ ತೆಗೆದುಕೊಳ್ಳುತ್ತಿದ್ದ. ಹೊಸ ಎಂಜಿನ್ನಿನ ಸದ್ದು ಕೇಳಿ ಪಳಗಬೇಕು ಎನ್ನುತ್ತಿದ್ದ. ಉಳಿದ ದಿನ ಅಪ್ಪ ಮನೆಗೆ ಬರುವವರೆಗೆ ಕ್ಲಾಸಿನಲ್ಲಿ ಅವನ ಮನಸ್ಸು ನಿಲ್ಲುತ್ತಿರಲಿಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಸಂಪತ್ಕುಮಾರರು, "ನನ್ನ ಮಗ ಕಟ್ಟಿದ ಎಂಜಿನ್ನು. ಒಂದು ದಿನ ಕೈ ಕೊಟ್ಟಿಲ್ಲ" ಎಂದು ಹೇಳುತ್ತಿದ್ದರೆಂದು ಅವರ ಜೂನಿಯರ್ ಬಂದು ಹೇಳಿದ. ಅದು ನಿಜವಾಗಿತ್ತು. ಆ ಎಂಜಿನ್ನು ಒಂದು ದಿನವೂ ಕೈ ಕೊಡಲಿಲ್ಲ.

೨೦೦೩ರ ಮಳೆಗಾಲ ಮುಗಿಯುವ ಹೊತ್ತಿಗೆ ಸಂಪತ್ಕುಮಾರರು ಕೋರ್ಟಿನ ಮೆಟ್ಟಿಲಿನಲ್ಲಿ ಬಿದ್ದರು. ಮೂಳೆಯ ಡಾಕ್ಟರು ಕಣ್ಣು ತೋರಿಸಿ ಎಂದರು. ಹಾಸನದ ಕಣ್ಣಿನ ವೈದ್ಯರು ಬಹಳ ಹೊತ್ತು ಪರೀಕ್ಷೆ ಮಾಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸತ್ತುಹೋಗಿದೆ. ಗ್ಲಾಕೋಮಾ ಅಂತೀವಿ. ಮೊದಲು ಪಕ್ಕದ ನೋಟ ಹೋಗುತ್ತೆ, ನೇರ ನೋಟ ಕೊನೇವರೆಗೆ ಇರುತ್ತೆ. ಅದಕ್ಕೇ ಓದೋಕೆ ತೊಂದರೆ ಆಗಿಲ್ಲ. ಹೋಗಿರೋದನ್ನ ವಾಪಸು ತರೋಕಾಗಲ್ಲ ಸರ್. ಉಳಿದಿರೋದನ್ನ ಕಾಪಾಡೋಕೆ ಪ್ರಯತ್ನ ಮಾಡೋಣ, ಆದರೆ ಉಳಿದಿರೋದು ಕಡಿಮೆ. ಎರಡು ವರ್ಷ ಮುಂಚೆ ಬಂದಿದ್ದರೆ ಬೇರೆ ಮಾತು."

ಸಂಪತ್ಕುಮಾರರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ನನಗೆ ಅನುಮಾನ ಬಂದಿತ್ತು" ಎಂದರು. "ವಯಸ್ಸಾಯ್ತು ಅಂದುಕೊಂಡೆ. ಬೇರೆಯವರಿಗೂ ಏನೂ ಅನ್ನಿಸಿಲ್ಲವಲ್ಲ, ನನ್ನ ಭ್ರಮೆಯೇ ಇರಬೇಕು ಅಂದುಕೊಂಡೆ."

ಶ್ರೀವತ್ಸ ಅವರ ಎಡಕ್ಕೆ ಕುಳಿತಿದ್ದ. ಅವನನ್ನು ನೋಡಲು ಅವರು ಇಡೀ ತಲೆಯನ್ನು ತಿರುಗಿಸಬೇಕಾಯಿತು.

"ಗಾಡೀಲಿ ನೀನು ಜೊತೇಲಿ ಇರ್ತಿದ್ದೆಯಲ್ಲೋ. ನಿನಗೇನಾದ್ರೂ ಗೊತ್ತಾಗಿತ್ತಾ?"

"ಔಷಧಿ ಯಾವಾಗಿಂದ ಶುರು ಮಾಡಬೇಕು ಡಾಕ್ಟ್ರೇ?" ಎಂದು ಶ್ರೀವತ್ಸ ಕೇಳಿದ.

ಆ ಸಂಜೆ ಅವನೇ ಕಾರು ಓಡಿಸಿಕೊಂಡು ಬಂದ. ಸಂಪತ್ಕುಮಾರರು ಇನ್ನೊಂಬತ್ತು ವರ್ಷ ಬದುಕಿದರು. ಕೊನೆಯ ಆರು ವರ್ಷ ಅವರಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ದಿನಾ ಬೆಳಿಗ್ಗೆ ಶ್ರೀವತ್ಸ ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ತನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಮಾತ್ರ ಅವನು ಅವರಿಗೆ ಎಂದೂ ಹೇಳಲಿಲ್ಲ.